ಬಿಟ್ಟ ಸ್ಥಳ ತುಂಬುವ ಹಾಲಿವುಡ್

1979ರ ‘ಏಲಿಯನ್’ ಚಿತ್ರದ ಮೊದಲ ಭಾಗದಲ್ಲೇ ಒಂದು ದೃಶ್ಯವಿದೆ. ನೋಸ್ಟ್ರೋಮೊ ಎಂಬ ಸರಕು ಸಾಗಣೆ ನೌಕೆಯ ಮೂವರು ಸಿಬ್ಬಂದಿ ಗುರುತು ಪರಿಚಯವಿಲ್ಲದ ನೆಲದ ಮೇಲೆ ಇಳಿದು, ಯಾವ ಕಾಲದಲ್ಲೋ ಅಲ್ಲಿ ಬಿದ್ದ ಇನ್ನೊಂದು ನೌಕೆಯ ಒಳಹೊಕ್ಕಿದ್ದಾರೆ. ನಡುವೆ ಫಿರಂಗಿಯನ್ನೂ ದೂರದರ್ಶಕವನ್ನೂ ನೆನಪಿಸುವ ಭಾರಿ ಯಂತ್ರ, ಅದಕ್ಕೆ ಸೇರಿಕೊಂಡ ಆಸನ, ಆಸನದಲ್ಲಿ ದೈತ್ಯ ಜೀವಿಯೊಂದರ ಶವ. ಸತ್ತು ಎಷ್ಟು ಕಾಲವಾಗಿದೆಯೋ, ಕಲ್ಲಾಗಿಹೋಗಿದೆ. ಕುರ್ಚಿ ಎಲ್ಲಿ ಮುಗಿಯಿತು, ಮೈ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಎದೆಯ ಮೂಳೆಗಳು ಹೊರಕ್ಕೆ ಬಾಗಿವೆ, ಒಳಗಿನಿಂದ ಏನೋ ಸಿಡಿದುಕೊಂಡು ಬಂದಿದೆ. ಮೂವರೂ ದೀಪ ಹಿಡಿದು ನೋಡುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಆ ಜೀವಿ ಯಾರು, ಎಲ್ಲಿಗೆ ಹೊರಟಿತ್ತು, ಏನನ್ನು ಹೊತ್ತೊಯ್ಯುತ್ತಿತ್ತು ಎಂಬುದನ್ನು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ.

ಸ್ವಿಟ್ಜರ್ಲೆಂಡಿನ ಕಲಾವಿದ ಎಚ್. ಆರ್. ಗೀಗರ್ ವಿನ್ಯಾಸ ಮಾಡಿದ ಆ ಸೆಟ್‌ಗೆ ಅಷ್ಟೊಂದು ದುಡ್ಡು ಯಾಕೆ ಸುರಿಯಬೇಕು ಎಂದು ಸ್ಟುಡಿಯೊದವರು ತಕರಾರು ತೆಗೆದಿದ್ದರು. ಒಂದೇ ದೃಶ್ಯದಲ್ಲಿ ಬಂದು ಹೋಗುವ, ಕಥೆಗೆ ನೇರ ಕೆಲಸವೇ ಇಲ್ಲದ ಸೆಟ್ ಅದು. ನಿರ್ದೇಶಕ ರಿಡ್ಲಿ ಸ್ಕಾಟ್ ಪಟ್ಟು ಬಿಡಲಿಲ್ಲ. ಆ ಹೆಣ ಇನ್ನೂ ದೊಡ್ಡದಾಗಿ ಕಾಣಲೆಂದು ದೂರದ ಶಾಟ್‌ಗಳಲ್ಲಿ ನಟರ ಬದಲು ತನ್ನ ಇಬ್ಬರು ಗಂಡುಮಕ್ಕಳಿಗೂ ಛಾಯಾಗ್ರಾಹಕನ ಮಗನಿಗೂ ಸಣ್ಣ ಅಳತೆಯ ಅಂತರಿಕ್ಷ ಉಡುಪು ತೊಡಿಸಿ ನಿಲ್ಲಿಸಿದ. ‘ಸ್ಪೇಸ್ ಜಾಕಿ’ ಎಂಬ ಅಡ್ಡಹೆಸರು ಪಡೆದ ಆ ಜೀವಿಯ ಬಗ್ಗೆ ಅಭಿಮಾನಿಗಳು ಮೂರು ದಶಕ ತಲೆಕೆಡಿಸಿಕೊಂಡರು.

2012ರಲ್ಲಿ ಅದೇ ಸ್ಕಾಟ್ ‘ಪ್ರೊಮಿಥಿಯಸ್’ ಮಾಡಿ ಉತ್ತರ ಕೊಟ್ಟ. ಆನೆಯ ಸೊಂಡಿಲನ್ನು ನೆನಪಿಸುತ್ತಿದ್ದ ಆ ಮುಖ ಬರೀ ಶಿರಸ್ತ್ರಾಣವಂತೆ. ಬಿಚ್ಚಿ ನೋಡಿದರೆ ಒಳಗೆ ಬೋಳುತಲೆಯ, ಬಿಳಿಚರ್ಮದ, ಎತ್ತರದ ಆಳು. ಅವನ ಡಿಎನ್ಎ ಮನುಷ್ಯನ ಡಿಎನ್ಎಗೆ ಹೊಂದುತ್ತದೆ. ಐದು ವರ್ಷ ಬಿಟ್ಟು ಬಂದ ‘ಏಲಿಯನ್: ಕವೆನಂಟ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲ ಚಿತ್ರದಲ್ಲಿ ಸಿಬ್ಬಂದಿಯನ್ನು ಬೇಟೆಯಾಡಿದ ಭೀಕರ ಪ್ರಾಣಿಯನ್ನು ಪ್ರಯೋಗ ಮಾಡಿ ಮಾಡಿ ರೂಪಿಸಿದವನು ಮನುಷ್ಯರೇ ತಯಾರಿಸಿದ ಡೇವಿಡ್ ಎಂಬ ಯಂತ್ರಮಾನವ ಎಂದು ತೋರಿಸಿತು. ಹೀಗೆ ಬ್ರಹ್ಮಾಂಡದ ಅಗಾಧ ಕತ್ತಲೆಯಿಂದ ಬಂದಿದ್ದ, ಮನುಷ್ಯನಿಗೆ ಯಾವ ಸಂಬಂಧವೂ ಇಲ್ಲದ ಭಯ, ಕೊನೆಗೆ ನಮ್ಮದೇ ಮನೆಯ ವಂಶವೃಕ್ಷದೊಳಗೆ ಬಂದು ಕುಳಿತಿತು. ‘ಪ್ರೊಮಿಥಿಯಸ್’ ಕಣ್ಣಿಗೆ ಹಬ್ಬ, ಡೇವಿಡ್ ಪಾತ್ರದಲ್ಲಿ ಮೈಕೆಲ್ ಫಾಸ್ಬೆಂಡರ್ ಅದ್ಭುತ, ಎರಡೂ ನಿಜ. ಆದರೆ ಅದನ್ನು ನೋಡಿದ ಮೇಲೆ 1979ರ ಆ ದೃಶ್ಯವನ್ನು ಮೊದಲಿನಂತೆ ನೋಡಲಾಗುವುದಿಲ್ಲ. ಹೊಸ ಚಿತ್ರವೊಂದು ಹಳೆಯ ಚಿತ್ರದಿಂದ ಏನನ್ನೋ ಕಿತ್ತುಕೊಂಡಿತು.

ವೈಜ್ಞಾನಿಕ ಕಥೆಗಳ ಸೀಕ್ವೆಲ್‌ಗಳಿಗೆ ಅಂಟಿದ ರೋಗ ಇದೇ. ಪರೀಕ್ಷೆಯಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಎಂದು ಕೊಟ್ಟರೆ ತುಂಬುವ ಹಾಗೆ, ಮೊದಲ ಚಿತ್ರ ಬೇಕೆಂದೇ ಖಾಲಿ ಬಿಟ್ಟ ಜಾಗವನ್ನೆಲ್ಲ ಹುಡುಕಿ ಹುಡುಕಿ ಭರ್ತಿ ಮಾಡುವುದು. ಪತ್ತೇದಾರಿ ಕಥೆಗೆ ಕೊಲೆಗಾರ ಯಾರೆಂಬ ಉತ್ತರ ಬೇಕೇ ಬೇಕು. ವೈಜ್ಞಾನಿಕ ಕಥೆಗೆ ಅಂಥ ಸಾಲವಿಲ್ಲ. ನಮಗೆ ತಿಳಿದಿರುವುದು ಎಷ್ಟು ಕಡಿಮೆ ಎಂಬ ಬೆರಗೇ ಅದರ ಬಂಡವಾಳ. ಅದನ್ನು ಕರಗಿಸಿ ತಿಂದರೆ ಉಳಿಯುವುದು ಗ್ರಾಫಿಕ್ಸ್ ಮಾತ್ರ.

ಸ್ಟುಡಿಯೊಗಳು ಇದನ್ನು ಬಿಡುವುದಿಲ್ಲ ಎಂಬುದಕ್ಕೆ ಕಾರಣ ಗಲ್ಲಾಪೆಟ್ಟಿಗೆಯಲ್ಲಿದೆ. 2024ರಲ್ಲಿ ಜಗತ್ತಿನಾದ್ಯಂತ ಅತಿ ಹೆಚ್ಚು ಗಳಿಸಿದ ಹತ್ತು ಹಾಲಿವುಡ್ ಚಿತ್ರಗಳಲ್ಲಿ ಒಂಬತ್ತು ಹಿಂದಿನ ಯಾವುದೋ ಚಿತ್ರದ ಮುಂದುವರಿಕೆ ಅಥವಾ ಪೂರ್ವಕಥೆ. ಉಳಿದ ಒಂದು ‘ವಿಕೆಡ್’, ಅದೂ ಬ್ರಾಡ್‌ವೇ ಸಂಗೀತ ನಾಟಕದಿಂದ ಬಂದದ್ದು. 2012ರಲ್ಲಿ ಡಿಸ್ನಿ ಕಂಪನಿ ಜಾರ್ಜ್ ಲ್ಯೂಕಸ್‌ನ ಲ್ಯೂಕಸ್‌ಫಿಲ್ಮ್ ಅನ್ನು 400 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಾಗ ಅದು ಮುಖ್ಯವಾಗಿ ಖರೀದಿಸಿದ್ದು ಜನರಿಗೆ ಆಗಲೇ ಗೊತ್ತಿರುವ ‘ಸ್ಟಾರ್ ವಾರ್ಸ್’ ಎಂಬ ಹೆಸರನ್ನು. ಗೊತ್ತಿರುವ ಹೆಸರಿಗೆ ಜಾಹೀರಾತಿನ ಖರ್ಚು ಕಡಿಮೆ, ಹೂಡಿದ ಹಣಕ್ಕೆ ಭದ್ರತೆ ಜಾಸ್ತಿ. ಬ್ಯಾಂಕಿನವನೊಬ್ಬ ಹೀಗೆ ಯೋಚಿಸಿದರೆ ತಪ್ಪು ಹುಡುಕಲಾಗದು. ಕಥೆ ಕಟ್ಟುವವನೂ ಹೀಗೇ ಯೋಚಿಸತೊಡಗಿದಾಗ ಕಷ್ಟ.

ಈ ಕಷ್ಟ ಒಳಗಿನವರಿಗೂ ಗೊತ್ತು. 1993ರ ‘ಜುರಾಸಿಕ್ ಪಾರ್ಕ್’ ಎರಡು ಗಂಟೆಗೂ ಹೆಚ್ಚು ಉದ್ದದ ಚಿತ್ರ. ಅದರಲ್ಲಿ ಡೈನೊಸಾರ್‌ಗಳು ತೆರೆಯ ಮೇಲಿರುವುದು ಸುಮಾರು ಹದಿನೈದು ನಿಮಿಷ ಮಾತ್ರ. ಲೋಟದ ನೀರು ಕಂಪಿಸುವುದನ್ನು ತೋರಿಸಿ ನಿರ್ದೇಶಕ ಸ್ಪೀಲ್‌ಬರ್ಗ್ ಉಳಿದ ಕೆಲಸವನ್ನು ನೋಡುಗನ ಎದೆಬಡಿತಕ್ಕೆ ಬಿಟ್ಟ. 2015ರ ‘ಜುರಾಸಿಕ್ ವರ್ಲ್ಡ್’ನಲ್ಲಿ ಪಾರ್ಕಿನ ಮ್ಯಾನೇಜರ್ ಹೂಡಿಕೆದಾರರ ಮುಂದೆ ನಿಂತು, ಬರೀ ಡೈನೊಸಾರ್ ನೋಡಿ ಜನ ಈಗ ಬಾಯಿ ಬಿಡುವುದಿಲ್ಲ, ಪ್ರತಿ ಸಲವೂ ಇನ್ನೂ ದೊಡ್ಡದು, ಇನ್ನೂ ಹೆಚ್ಚು ಹಲ್ಲಿನದು ಬೇಕು ಎಂಬರ್ಥದ ಮಾತು ಹೇಳುತ್ತಾಳೆ. ಬರೆದವರು ತಮ್ಮ ಕಷ್ಟವನ್ನೇ ಪಾತ್ರದ ಬಾಯಲ್ಲಿ ಹಾಕಿದ್ದಾರೆ. ಆಮೇಲೆ ಚಿತ್ರ ಮಾಡುವುದೂ ಅದನ್ನೇ: ಪ್ರಯೋಗಾಲಯದಲ್ಲಿ ಬೆಸೆದ ಇನ್ನೂ ದೊಡ್ಡ ಪ್ರಾಣಿಯನ್ನು ಹೊರಗೆ ಬಿಡುತ್ತದೆ. ರೋಗ ಹೀಗಿದೆ ಎಂದು ಗುರುತಿಸಿದ ಮಾತ್ರಕ್ಕೆ ರೋಗಿ ಎದ್ದು ಓಡಾಡುವುದಿಲ್ಲವಲ್ಲ.

ಹಾಗಂತ ಸೀಕ್ವೆಲ್ ಎಂಬುದೇ ಕೀಳು ಎಂದು ಮೂಗು ಮುರಿಯುವವರ ಜೊತೆ ಸೇರುವುದೂ ಸರಿಯಲ್ಲ. ಜೇಮ್ಸ್ ಕ್ಯಾಮರೂನ್ 1986ರಲ್ಲಿ ‘ಏಲಿಯನ್ಸ್’ ಮಾಡಿದಾಗ ಸ್ಪೇಸ್ ಜಾಕಿಯ ಗೊಡವೆಗೇ ಹೋಗಲಿಲ್ಲ. ಮೊದಲ ಚಿತ್ರದ ನಾಯಕಿ ರಿಪ್ಲಿ 57 ವರ್ಷ ನಿದ್ದೆಯಲ್ಲಿದ್ದು ಎಚ್ಚರವಾಗುತ್ತಾಳೆ, ತನ್ನ ಕಾಲವೇ ಕಳೆದುಹೋಗಿದೆ. ಆ ಪ್ರಾಣಿಗಳ ನೆಲೆಗೆ ಮತ್ತೆ ಹೋಗಬೇಕಾಗಿ ಬರುತ್ತದೆ. ಅಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ನ್ಯೂಟ್ ಎಂಬ ಪುಟ್ಟ ಹುಡುಗಿ ಸಿಗುತ್ತಾಳೆ. ಮೊದಲ ಚಿತ್ರದಲ್ಲಿ ಕಂಡ ಆ ಪ್ರಾಣಿಗಳ ಮೊಟ್ಟೆಗಳನ್ನು ಇಡುವುದು ಯಾರು ಎಂಬ ಪ್ರಶ್ನೆಗೆ ಕ್ಯಾಮರೂನ್ ಕೂಡ ಉತ್ತರ ಕೊಟ್ಟ, ರಾಣಿಯೊಂದನ್ನು ಕಲ್ಪಿಸಿದ. ಆದರೆ ಆ ಉತ್ತರವೇ ಹೊಸ ಪ್ರಶ್ನೆಯಾಯಿತು: ಮರಿಗಳನ್ನು ಕಾಯುವ ಇಬ್ಬರು ತಾಯಂದಿರು ಎದುರುಬದುರಾದಾಗ ಯಾರ ಪರ ನಿಲ್ಲುವುದು? ದೆವ್ವದ ಮನೆಯಂಥ ಚಿತ್ರವನ್ನು ಆತ ಯುದ್ಧದ ಚಿತ್ರವಾಗಿ, ಅದರೊಳಗೆ ತಾಯ್ತನದ ಕಥೆಯಾಗಿ ಬದಲಿಸಿದ. ರಿಪ್ಲಿಯಾಗಿ ನಟಿಸಿದ ಸಿಗೋರ್ನಿ ವೀವರ್ ಇದಕ್ಕಾಗಿ ಅತ್ಯುತ್ತಮ ನಟಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಳು. ಬಾಹ್ಯಾಕಾಶದ ಸಾಹಸ ಚಿತ್ರಕ್ಕೆ ಆ ಕಾಲದಲ್ಲಿ ಅದು ಅಪರೂಪದ ಗೌರವ.

ಆರು ವರ್ಷದ ನಂತರ ‘ಏಲಿಯನ್ 3’ ಶುರುವಾಗುವ ಹೊತ್ತಿಗೇ ನ್ಯೂಟ್ ಸತ್ತಿರುತ್ತಾಳೆ. ಇಡೀ ಚಿತ್ರ ಒಂದು ಮಗುವನ್ನು ಉಳಿಸಲು ಒದ್ದಾಡಿದ್ದನ್ನು ಮುಂದಿನ ಚಿತ್ರ ಆರಂಭದ ಹೆಸರುಗಳ ನಡುವೆಯೇ ಅಳಿಸಿಹಾಕಿತು. ಅದು ಡೇವಿಡ್ ಫಿಂಚರ್‌ನ ಮೊದಲ ಚಿತ್ರ. ಸ್ಟುಡಿಯೊ ಹಸ್ತಕ್ಷೇಪದಿಂದ ನೊಂದ ಆತ ಅದನ್ನು ತನ್ನದೆಂದು ಒಪ್ಪಿಕೊಳ್ಳಲೇ ಇಲ್ಲ.

‘ಟರ್ಮಿನೇಟರ್’ ಕಥೆಯೂ ಇದೇ ಜಾಡಿನದು. 1984ರಲ್ಲಿ 64 ಲಕ್ಷ ಡಾಲರಿನಲ್ಲಿ ಮುಗಿದ ಮೊದಲ ಚಿತ್ರದಲ್ಲಿ ವಿಧಿ ಕಲ್ಲಿನಲ್ಲಿ ಕೊರೆದಂತಿತ್ತು. ಭವಿಷ್ಯದಿಂದ ಬಂದವನೇ ಮುಂದಿನ ನಾಯಕನಿಗೆ ಅಪ್ಪನಾಗುತ್ತಾನೆ, ಚಕ್ರ ಪೂರ್ತಿಯಾಗುತ್ತದೆ. 1991ರ ಎರಡನೇ ಚಿತ್ರ ಆ ಚಕ್ರವನ್ನೇ ಮುರಿಯಿತು: ಮನುಷ್ಯ ಮನಸ್ಸು ಮಾಡಿದರೆ ಯಂತ್ರಗಳು ತರಲಿರುವ ವಿನಾಶ ತಪ್ಪಿಸಬಹುದು. ಕೊಲ್ಲಲು ಬಂದಿದ್ದ ಯಂತ್ರದ ತದ್ರೂಪಿಯೇ ಈ ಸಲ ಮುಂದೆ ನಾಯಕನಾಗುವ ಹುಡುಗನನ್ನು ಕಾಯುತ್ತದೆ, ಕೊನೆಗೆ ಕಾದ ಉಕ್ಕಿನ ಕೊಪ್ಪರಿಗೆಗೆ ತನ್ನನ್ನು ಇಳಿಸುವಂತೆ ತಾನೇ ಕೇಳಿಕೊಂಡು ಕರಗುತ್ತದೆ. ಮೊದಲ ಚಿತ್ರದ ಜೊತೆ ವಾದಕ್ಕೆ ಇಳಿದು, ಗೌರವದಿಂದಲೇ ಅದನ್ನು ತಿರುಗಿಸಿ ನಿಲ್ಲಿಸಿದ ಸೀಕ್ವೆಲ್ ಅದು. ಹೇಳಬೇಕಾದ್ದೆಲ್ಲ ಅಲ್ಲಿಗೆ ಮುಗಿದಿತ್ತು. 2003ರಲ್ಲಿ ಬಂದ ಮೂರನೆಯದು, ವಿನಾಶ ತಪ್ಪಿರಲಿಲ್ಲ, ಮುಂದಕ್ಕೆ ಹೋಗಿತ್ತಷ್ಟೆ ಎಂದಿತು. 2009, 2015, 2019ರಲ್ಲಿ ಬಂದ ಮೂರೂ ಚಿತ್ರಗಳು ತಲಾ ಒಂದೊಂದು ಹೊಸ ತ್ರಿವಳಿಯ ಆರಂಭವೆಂದೇ ಯೋಜನೆಯಾದವು. ಒಂದಕ್ಕೂ ಎರಡನೇ ಭಾಗ ಬರಲಿಲ್ಲ.

ಕನ್ನಡಿಗರಿಗೆ ಇಲ್ಲೊಂದು ನಂಟಿದೆ. ಡಬ್ಬಿಂಗ್‌ಗಿದ್ದ ಅನಧಿಕೃತ ನಿರ್ಬಂಧ ಸಡಿಲಗೊಂಡ ಮೇಲೆ ಕನ್ನಡದಲ್ಲಿ ಮಾತಾಡಿದ ಹಾಲಿವುಡ್ ಚಿತ್ರಗಳಲ್ಲಿ 2019ರ ‘ಟರ್ಮಿನೇಟರ್: ಡಾರ್ಕ್ ಫೇಟ್’ ಕೂಡ ಒಂದು, 2022ರ ‘ಅವತಾರ್’ನ ಎರಡನೇ ಭಾಗ ಇನ್ನೊಂದು. ಎರಡೂ ಸೀಕ್ವೆಲ್‌ಗಳೇ. ‘ಡಾರ್ಕ್ ಫೇಟ್’ನ ಮೊದಲ ಕೆಲವೇ ನಿಮಿಷಗಳಲ್ಲಿ, 1991ರ ಎರಡನೇ ಚಿತ್ರ ಜೀವ ಪಣಕ್ಕಿಟ್ಟು ಉಳಿಸಿದ್ದ ಹುಡುಗ ಜಾನ್ ಕಾನರ್‌ನನ್ನು ಇನ್ನೊಂದು ಟರ್ಮಿನೇಟರ್ ಬಂದು ಗುಂಡಿಟ್ಟು ಕೊಲ್ಲುತ್ತದೆ. ಜಾನ್ ಯಾರೆಂದು ಗೊತ್ತಿಲ್ಲದೆ ನೇರವಾಗಿ ಇಲ್ಲಿಗೆ ಬಂದ ಪ್ರೇಕ್ಷಕನಿಗೆ ಆ ಸಾವು ತಟ್ಟುವುದಿಲ್ಲ. ಗೊತ್ತಿದ್ದವನಿಗೆ ಮೋಸ ಹೋದಂತಾಗುತ್ತದೆ. ಇಬ್ಬರಿಗೂ ಸಲ್ಲದ ಆರಂಭವದು.

ಉತ್ತರ ಕೊಡುವ ಚಪಲಕ್ಕೆ ಇನ್ನೂ ಸಭ್ಯವಾದ ನಿದರ್ಶನ ‘2010’ ಎಂಬ ಚಿತ್ರ. ಸ್ಟಾನ್ಲಿ ಕುಬ್ರಿಕ್‌ನ 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಡಿಸ್ಕವರಿ ಎಂಬ ನೌಕೆಯ ಕಂಪ್ಯೂಟರ್ ಹ್ಯಾಲ್ ಗಗನಯಾತ್ರಿಗಳನ್ನು ಕೊಲ್ಲತೊಡಗುತ್ತದೆ. ಯಾಕೆ? ಆರ್ಥರ್ ಕ್ಲಾರ್ಕ್ ತನ್ನ ಕಾದಂಬರಿಯಲ್ಲಿ ಕಾರಣ ಬರೆದಿದ್ದ, ಕುಬ್ರಿಕ್ ತೆರೆಯ ಮೇಲೆ ಅದನ್ನು ಬಿಡಿಸಿ ಹೇಳಲಿಲ್ಲ. ಹ್ಯಾಲ್‌ನ ಕೆಂಪು ಕಣ್ಣಿನ ಹಿಂದೆ ಭಯವಿತ್ತೇ, ಅಹಂಕಾರವಿತ್ತೇ, ಹುಚ್ಚೇ ಎಂದು ನೋಡುಗ ತಾನೇ ತೂಗಿ ನೋಡಬೇಕು. 1984ರಲ್ಲಿ ಪೀಟರ್ ಹಯಮ್ಸ್ ಎರಡನೇ ಭಾಗ ಮಾಡಿದ. ಬೇರೆ ಚಿತ್ರಗಳಿಗೆ ಬಳಕೆಯಾಗದಿರಲೆಂದು ಕುಬ್ರಿಕ್ ಮೊದಲ ಚಿತ್ರದ ಮಾದರಿಗಳನ್ನು ನಾಶ ಮಾಡಿಸಿದ್ದರಿಂದ, ಹಯಮ್ಸ್‌ನ ತಂಡ ಹಳೆಯ ಚಿತ್ರದ ಫ್ರೇಮುಗಳನ್ನು ನೋಡಿಯೇ ಡಿಸ್ಕವರಿ ನೌಕೆಯನ್ನು ಮತ್ತೆ ಕಟ್ಟಬೇಕಾಯಿತು. ಹಯಮ್ಸ್ ಅಮೆರಿಕದಲ್ಲಿ, ಕ್ಲಾರ್ಕ್ ಶ್ರೀಲಂಕಾದಲ್ಲಿ. ಇಮೇಲ್ ಎಂದರೇನೆಂದು ಹೆಚ್ಚಿನವರಿಗೆ ಗೊತ್ತಿಲ್ಲದ ಆ ದಿನಗಳಲ್ಲೇ ಇಬ್ಬರೂ ಕಂಪ್ಯೂಟರ್ ಮತ್ತು ಮೋಡೆಮ್ ಮೂಲಕ ಪತ್ರ ಬರೆದುಕೊಂಡು ಚಿತ್ರಕಥೆ ಚರ್ಚಿಸಿದರು. ಶ್ರಮ, ಶ್ರದ್ಧೆ, ಗೌರವ ಎಲ್ಲವೂ ಇದ್ದ ಚಿತ್ರ. ಅದರಲ್ಲಿ ಹ್ಯಾಲ್‌ನ ಸೃಷ್ಟಿಕರ್ತ ಡಾ. ಚಂದ್ರ ಕೊಡುವ ವಿವರಣೆ ಇಷ್ಟು: ಸತ್ಯ ಹೇಳಲೆಂದು ರೂಪಿಸಿದ ಯಂತ್ರಕ್ಕೆ ಸತ್ಯ ಮುಚ್ಚಿಡುವಂತೆ ಆದೇಶ ಬಂತು, ಎರಡರ ನಡುವೆ ಸಿಕ್ಕಿ ಅದರ ತಲೆ ಕೆಟ್ಟಿತು. ತರ್ಕಬದ್ಧ ವಿವರಣೆ, ತಪ್ಪೇನೂ ಇಲ್ಲ. ಆದರೆ ಅಷ್ಟು ಹೊತ್ತಿಗೆ ಹ್ಯಾಲ್ ಕೆಟ್ಟುಹೋಗಿ ರಿಪೇರಿಗೆ ಬಂದ ಯಂತ್ರವಾಗಿಬಿಡುತ್ತದೆ. (ಕಾದಂಬರಿಯಲ್ಲಿ ಭಾರತೀಯ ಮೂಲದ ಡಾ. ಚಂದ್ರನ ಪಾತ್ರವನ್ನು ತೆರೆಯ ಮೇಲೆ ಬಾಬ್ ಬಲಬಾನ್ ಎಂಬ ಅಮೆರಿಕನ್ ನಟನಿಗೆ ಕೊಟ್ಟದ್ದು ಬೇರೆಯೇ ಬೇಸರ.)

ಸೀಕ್ವೆಲ್‌ಗಳಂತೆಯೇ ಹಿಂದಿನ ಕೃತಿಯೊಂದಕ್ಕೆ ಋಣಿಯಾದ, ಪುಸ್ತಕದಿಂದ ತೆರೆಗೆ ಬರುವ ಚಿತ್ರಗಳ ವಿಷಯದಲ್ಲಿ ಚರ್ಚೆ ಸಾಮಾನ್ಯವಾಗಿ ಒಂದೇ ಕಡೆ ಸುತ್ತುತ್ತದೆ: ಮೂಲಕ್ಕೆ ನಿಷ್ಠವಾಗಿದೆಯೇ? ಇದು ಹೆಚ್ಚು ದೂರ ಒಯ್ಯುವ ಪ್ರಶ್ನೆಯಲ್ಲ. ಪಿಯೆರ್ ಬೂಲ್‌ನ 1963ರ ಫ್ರೆಂಚ್ ಕಾದಂಬರಿ ‘ಪ್ಲಾನೆಟ್ ಆಫ್ ದಿ ಏಪ್ಸ್’ನಲ್ಲಿ ವಾನರರ ನಾಗರಿಕತೆಯಲ್ಲಿ ಕಾರುಗಳಿವೆ, ವಿಮಾನಗಳಿವೆ, ಆಧುನಿಕ ನಗರಗಳಿವೆ. ಚಿತ್ರಕಥೆಯ ಮೊದಲ ಕರಡುಗಳೂ ಹಾಗೇ ಇದ್ದವು. ಅಷ್ಟು ದುಡ್ಡು ಕೊಡಲಾಗದೆ 1968ರ ಚಿತ್ರ ವಾನರರನ್ನು ಕಲ್ಲು ಮಣ್ಣಿನ ಹಳ್ಳಿಗೆ ಇಳಿಸಿತು. ಕಾದಂಬರಿಯಲ್ಲಿಲ್ಲದ ಕೊನೆಯೊಂದು ಸೇರಿತು: ಕಡಲತೀರದಲ್ಲಿ ಅರ್ಧ ಹೂತುಹೋದ ಸ್ವಾತಂತ್ರ್ಯ ದೇವತೆಯ ಪ್ರತಿಮೆ. ಕಥಾನಾಯಕ ಬಂದಿಳಿದ ಗ್ರಹ ಭೂಮಿಯೇ ಎಂದು ಒಂದೂ ವಿವರಣೆಯಿಲ್ಲದೆ ಹೇಳಿದ ಆ ಕೊನೆಯನ್ನು ಇಂದಿಗೂ ಯಾರೂ ಮರೆತಿಲ್ಲ.

ಟೆಡ್ ಚಿಯಾಂಗ್‌ನ 1998ರ ಕಥೆ ‘ಸ್ಟೋರಿ ಆಫ್ ಯುವರ್ ಲೈಫ್’ ಆಧರಿಸಿದ 2016ರ ‘ಅರೈವಲ್’ ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅನ್ಯಗ್ರಹದಿಂದ ಬಂದವರ ಭಾಷೆ ಕಲಿಯುತ್ತ ಹೋದಂತೆ ಭಾಷಾವಿಜ್ಞಾನಿ ಲೂಯಿಸ್‌ಗೆ ಕಾಲ ಒಂದೇ ದಿಕ್ಕಿಗೆ ಹರಿಯುವುದು ನಿಲ್ಲುತ್ತದೆ, ಮುಂದಾಗುವುದು ನೆನಪಿನಷ್ಟೇ ಸ್ಪಷ್ಟವಾಗುತ್ತದೆ. ಇನ್ನೂ ಹುಟ್ಟದ ಮಗಳು ಬೇಗ ಸಾಯುತ್ತಾಳೆ ಎಂಬುದೂ ಗೊತ್ತಾಗುತ್ತದೆ. ಮೂಲ ಕಥೆಯಲ್ಲಿ ಮಗಳು 25ನೇ ವಯಸ್ಸಿನಲ್ಲಿ ಬಂಡೆ ಹತ್ತುವಾಗ ಬಿದ್ದು ಸಾಯುತ್ತಾಳೆ. ಚಿತ್ರಕಥೆ ಬರೆದ ಎರಿಕ್ ಹೈಸರರ್ ಅದನ್ನು ಎಳೆ ವಯಸ್ಸಿನಲ್ಲಿ ಬರುವ, ಮದ್ದಿಲ್ಲದ ಕಾಯಿಲೆಯಾಗಿ ಬದಲಿಸಿದ. ಪುಟದ ಮೇಲೆ ಚಿಯಾಂಗ್ ಭವಿಷ್ಯ ತಿಳಿದವರಿಗೆ ಆಯ್ಕೆ ಎಂದರೇನು ಎಂಬುದನ್ನು ನಿಧಾನವಾಗಿ, ಬೆಳಕಿನ ಚಲನೆಯ ಭೌತಶಾಸ್ತ್ರದ ಮೂಲಕ ಓದುಗನಿಗೆ ಮನದಟ್ಟು ಮಾಡುತ್ತಾನೆ. ಅಲ್ಲಿ ಅಪಘಾತ ಒಪ್ಪುತ್ತದೆ. ಎರಡು ಗಂಟೆಯ ಚಿತ್ರದಲ್ಲಿ ಅದೇ ಇದ್ದಿದ್ದರೆ ಥಿಯೇಟರಿನಲ್ಲಿ ಕೂತ ಪ್ರತಿಯೊಬ್ಬರೂ ‘ಆ ದಿನ ಹೋಗಬೇಡ ಎಂದು ಮಗಳನ್ನು ತಡೆಯಬಹುದಿತ್ತಲ್ಲ’ ಎಂದೇ ಯೋಚಿಸುತ್ತಿದ್ದರು. ಕಾಯಿಲೆ ಆ ದಾರಿಯನ್ನು ಮುಚ್ಚಿ, ಲೂಯಿಸ್‌ಗೆ ಒಂದೇ ಪ್ರಶ್ನೆ ಉಳಿಸುತ್ತದೆ: ಕಳೆದುಕೊಳ್ಳುವುದು ಖಚಿತವಾಗಿದ್ದರೂ ಈ ಮಗುವನ್ನು ಹೆರಲೇ? ಕಥೆಯ ಘಟನೆ ಬದಲಾಗಿ ಕಥೆಯ ನೋವು ಉಳಿಯಿತು. ಇದೇ ಚಿತ್ರದಲ್ಲಿ ಚೀನಾದ ಸೇನಾಧಿಕಾರಿಗೆ ಫೋನ್ ಮಾಡಿ ಯುದ್ಧ ತಪ್ಪಿಸುವ ಉಪಕಥೆ ಮಾತ್ರ ಹೊರಗಿನಿಂದ ತಂದು ಅಂಟಿಸಿದ್ದು. ಮೂಲದಲ್ಲಿ ಅದಿಲ್ಲ, ಇರಬೇಕಾಗಿಯೂ ಇರಲಿಲ್ಲ.

‘ಅರೈವಲ್’ ನಿರ್ದೇಶಕ ಡೆನಿ ವಿಲ್‌ನವ್ ಮುಂದಿನ ವರ್ಷವೇ ಇನ್ನೂ ಅಪಾಯದ ಕೆಲಸಕ್ಕೆ ಕೈ ಹಾಕಿದ. ರಿಡ್ಲಿ ಸ್ಕಾಟ್‌ನ 1982ರ ‘ಬ್ಲೇಡ್ ರನ್ನರ್’ಗೆ ಸೀಕ್ವೆಲ್. ಫಿಲಿಪ್ ಕೆ. ಡಿಕ್‌ನ 1968ರ ಕಾದಂಬರಿಯಿಂದ ಹುಟ್ಟಿದ ಆ ಚಿತ್ರ ಬಿಡುಗಡೆಯಾಗುವ ಕೆಲವು ತಿಂಗಳ ಮೊದಲೇ ಡಿಕ್ ತೀರಿಕೊಂಡಿದ್ದ. ಜನರಿಗೆ ಅರ್ಥವಾಗದು ಎಂಬ ಅಂಜಿಕೆಯಿಂದ ಅದಕ್ಕೆ ನಾಯಕನ ಧ್ವನಿಯಲ್ಲಿ ನಿರೂಪಣೆ ಸೇರಿಸಲಾಯಿತು, ಸುಖಾಂತ್ಯ ಅಂಟಿಸಲಾಯಿತು. ಆ ಸುಖಾಂತ್ಯದ ಬೆಟ್ಟಗುಡ್ಡಗಳ ದೃಶ್ಯಗಳು ಕುಬ್ರಿಕ್‌ನ ‘ದಿ ಶೈನಿಂಗ್’ಗೆಂದು ಚಿತ್ರಿಸಿ ಬಳಸದೆ ಉಳಿದವು! 1992ರ ಆವೃತ್ತಿಯಲ್ಲಿ ಇವೆರಡೂ ಹೋದವು, ಚಿತ್ರ ಉಸಿರಾಡಿತು. ನಾಯಕ ಡೆಕಾರ್ಡ್ ಮನುಷ್ಯನೋ, ತಾನು ಬೇಟೆಯಾಡುವ ಕೃತಕ ಮಾನವರಲ್ಲೇ ಒಬ್ಬನೋ ಎಂಬ ವಾದ ಮಾತ್ರ ನಿಲ್ಲಲಿಲ್ಲ. ಕೃತಕ ಮಾನವನೇ ಎಂದು ಸ್ಕಾಟ್, ಮನುಷ್ಯನೇ ಎಂದು ನಟ ಹ್ಯಾರಿಸನ್ ಫೋರ್ಡ್ ಬಹುಕಾಲ ಪಟ್ಟು ಹಿಡಿದರು.

2017ರ ‘ಬ್ಲೇಡ್ ರನ್ನರ್ 2049’ರಲ್ಲಿ ಮುದುಕನಾದ ಡೆಕಾರ್ಡ್ ಮತ್ತೆ ಬರುತ್ತಾನೆ. ಆ ವಾದಕ್ಕೆ ತೆರೆ ಎಳೆಯಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ವಿಲ್‌ನವ್ ಅದನ್ನು ಮುಟ್ಟಲೇ ಇಲ್ಲ. ಈ ಸಲದ ನಾಯಕ ‘ಕೆ’ ಎಂಬಾತ ಕೃತಕ ಮಾನವ ಎಂಬುದು ಮೊದಲ ದೃಶ್ಯದಲ್ಲೇ ಗೊತ್ತು, ಅವನಿಗೂ ಗೊತ್ತು. ಬಾಲ್ಯದ ನೆನಪೊಂದರಲ್ಲಿ ಅವನು ಬಚ್ಚಿಟ್ಟಿದ್ದ ಮರದ ಕುದುರೆ ನಿಜವಾಗಿಯೂ ಅದೇ ಜಾಗದಲ್ಲಿ ಸಿಗುತ್ತದೆ. ಹಾಗಾದರೆ ನೆನಪು ನಿಜ, ಹಾಗಾದರೆ ತಾನು ತಾಯಿಯ ಹೊಟ್ಟೆಯಿಂದಲೇ ಹುಟ್ಟಿದವನು, ಕೃತಕ ತಾಯಿಗೆ ಹುಟ್ಟಿತೆಂದು ಎಲ್ಲರೂ ಹುಡುಕುತ್ತಿರುವ ಪವಾಡದ ಮಗು ತಾನೇ ಎಂದು ನಂಬುತ್ತಾನೆ. ಕೊನೆಗೆ ಆ ನೆನಪು ಬೇರೊಬ್ಬಳದು ಎಂದು ತಿಳಿಯುತ್ತದೆ. ತಾನು ವಿಶೇಷನಲ್ಲ ಎಂದು ಗೊತ್ತಾದ ಮೇಲೂ ಒಬ್ಬ ಒಳ್ಳೆಯ ಕೆಲಸ ಮಾಡುತ್ತಾನೆಯೇ? ಮೊದಲ ಚಿತ್ರ ಕೇಳಿರದ ಈ ಪ್ರಶ್ನೆಯೇ ಎರಡನೆಯದರ ಜೀವ. ರೋಜರ್ ಡೀಕಿನ್ಸ್‌ಗೆ 14ನೇ ನಾಮನಿರ್ದೇಶನದಲ್ಲಿ ಮೊದಲ ಆಸ್ಕರ್ ಬಂದದ್ದು ಇದರ ಛಾಯಾಗ್ರಹಣಕ್ಕೆ. ಹಾಕಿದ ಹಣಕ್ಕೆ ತಕ್ಕ ಗಳಿಕೆ ಮಾತ್ರ ಬರಲಿಲ್ಲ. ಮೊದಲನೆಯದಕ್ಕೂ ಬಂದಿರಲಿಲ್ಲ.

ಗಲ್ಲಾಪೆಟ್ಟಿಗೆಯ ಆ ಪೆಟ್ಟಿನ ನಂತರವೂ ವಿಲ್‌ನವ್‌ಗೆ ‘ಡ್ಯೂನ್’ ಸಿಕ್ಕಿದ್ದು ಪ್ರೇಕ್ಷಕರ ಪುಣ್ಯ. ಫ್ರಾಂಕ್ ಹರ್ಬರ್ಟ್‌ನ ಈ ಕಾದಂಬರಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಬೇಡವೆಂದಿದ್ದರು. ಕೊನೆಗೆ 1965ರಲ್ಲಿ ಅಚ್ಚು ಹಾಕಿದ ಚಿಲ್ಟನ್ ಸಂಸ್ಥೆ ಕಾರು ರಿಪೇರಿಯ ಕೈಪಿಡಿಗಳಿಗೆ ಹೆಸರಾಗಿದ್ದದ್ದು. ಮರಳುಗಾಡಿನ ಗ್ರಹದ ಜನ ಪಾಲ್ ಎಂಬ ರಾಜಕುಮಾರನನ್ನು ಅವತಾರಪುರುಷನೆಂದು ನಂಬುತ್ತಾರೆ, ಆ ನಂಬಿಕೆಯೇ ಕೋಟಿಗಟ್ಟಲೆ ಜೀವ ತೆಗೆಯುವ ಧರ್ಮಯುದ್ಧವಾಗುತ್ತದೆ. ವರ್ಚಸ್ಸಿನ ನಾಯಕರ ಬಗ್ಗೆ ಎಚ್ಚರಿಕೆಯಾಗಿ ಹರ್ಬರ್ಟ್ ಬರೆದದ್ದಿದು. 1984ರಲ್ಲಿ ಡೇವಿಡ್ ಲಿಂಚ್ ಮಾಡಿದ ಚಿತ್ರದ ಕೊನೆಯಲ್ಲಿ ಪಾಲ್ ಮರಳುಗಾಡಿನಲ್ಲಿ ಮಳೆಯನ್ನೇ ಸುರಿಸುತ್ತಾನೆ. ಎಚ್ಚರಿಕೆಯ ಕಥೆ ನಿಜವಾದ ಪವಾಡಪುರುಷನ ಕಥೆಯಾಗಿಹೋಯಿತು. ಟಿವಿಗೆಂದು ಹಿಗ್ಗಿಸಿದ ಆವೃತ್ತಿಯಿಂದ ಲಿಂಚ್ ತನ್ನ ಹೆಸರನ್ನೇ ತೆಗೆಸಿದ.

2024ರ ‘ಡ್ಯೂನ್: ಭಾಗ ಎರಡು’ ಮೂಲದ ಮಾತನ್ನು ಬದಲಿಸಿಯೇ ಮೂಲದ ಅರ್ಥವನ್ನು ಕಾಪಾಡಿತು. ಕಾದಂಬರಿಯಲ್ಲಿ ಪಾಲ್‌ನ ಪ್ರೇಯಸಿ ಚಾನಿ ಕೊನೆಯವರೆಗೂ ಅವನ ನೆರಳಾಗಿ ನಿಲ್ಲುತ್ತಾಳೆ. ಚಿತ್ರದಲ್ಲಿ ಅವಳಿಗೆ ಅವನ ಮೇಲೆ ಪ್ರೀತಿಯಿದೆ, ಭವಿಷ್ಯವಾಣಿಯ ಮೇಲೆ ಕಾಸಿನಷ್ಟೂ ನಂಬಿಕೆಯಿಲ್ಲ. ಕೊನೆಯ ಸಭೆಯಲ್ಲಿ ಪಾಲ್ ಚಕ್ರವರ್ತಿಯ ಮಗಳ ಕೈ ಹಿಡಿಯುವುದಾಗಿ ಹೇಳುತ್ತಾನೆ. ಸುತ್ತಲಿನವರೆಲ್ಲ ಮಂಡಿಯೂರುತ್ತಾರೆ. ಚಾನಿ ಊರುವುದಿಲ್ಲ. ಅವನತ್ತ ಒಮ್ಮೆ ನೋಡಿ, ಮಂಡಿಯೂರಿದವರ ನಡುವೆ ಹಾದು ಹೊರಗೆ ನಡೆದುಬಿಡುತ್ತಾಳೆ. ಚಾನಿಯಾಗಿ ನಟಿಸಿದ ಜೆಂಡೇಯಾ ಅಲ್ಲಿ ಒಂದು ಮಾತೂ ಆಡುವುದಿಲ್ಲ. ಅವಳ ಬಿಗಿದ ದವಡೆ, ತುಂಬಿದ ಕಣ್ಣು ನೋಡಿದವರಿಗೆ ಪಾಲ್ ಗೆದ್ದನೆಂದು ಚಪ್ಪಾಳೆ ತಟ್ಟಲು ಮನಸ್ಸಾಗದು. ಜಗತ್ತಿನಾದ್ಯಂತ 70 ಕೋಟಿ ಡಾಲರಿಗೂ ಹೆಚ್ಚು ಗಳಿಸಿದ ಚಿತ್ರ, ತನ್ನ ನಾಯಕನನ್ನೇ ನಂಬಬೇಡಿ ಎಂದು ಹೇಳಿ ಗೆದ್ದಿತು.

ವಿಲ್‌ನವ್‌ನ ಮೂರನೇ ‘ಡ್ಯೂನ್’ ಹರ್ಬರ್ಟ್‌ನ 1969ರ ‘ಡ್ಯೂನ್ ಮೆಸ್ಸಯ್ಯಾ’ ಕಾದಂಬರಿಯನ್ನು ಆಧರಿಸಿದ್ದು. ಅದೇ ಒಂದು ಸೀಕ್ವೆಲ್. ಮೊದಲ ಪುಸ್ತಕ ಓದಿದ ಬಹಳ ಮಂದಿ ಪಾಲ್‌ನನ್ನು ವೀರನೆಂದೇ ತಿಳಿದಾಗ ಅವನ ವಿಜಯ ಏನು ತಂದಿತೆಂದು ತೋರಿಸಿದ ಪುಸ್ತಕ. ಮೊದಲ ‘ಡ್ಯೂನ್’ ಅನ್ನು ತನ್ನ ‘ಅನಲಾಗ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟಿಸಿದ್ದ ಸಂಪಾದಕ ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್‌ಗೆ ಅದು ರುಚಿಸಲಿಲ್ಲ. ವೀರನೇ ಸೋತು ಕುಸಿಯುವ ಕಥೆ ಬೇಡವೆಂದು ಹಸ್ತಪ್ರತಿಯನ್ನು ತಿರಸ್ಕರಿಸಿದ. ಹರ್ಬರ್ಟ್ ಕಥೆಯನ್ನು ತಿದ್ದಲಿಲ್ಲ. ‘ಗ್ಯಾಲಕ್ಸಿ’ ಎಂಬ ಇನ್ನೊಂದು ಪತ್ರಿಕೆಗೆ ಕೊಟ್ಟ. ಅಲ್ಲಿ ಅದು ಅಚ್ಚಾಯಿತು.